ಆ ಕೈ ಈಗಾಗಲೇ ವರದಿಯಾಗಿದೆ

ಹ್ಯಾಂಡ್ ಥೆರಪಿ ಸಮ್ಮೇಳನದ ವೈಜ್ಞಾನಿಕ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಾನು ಕಳುಹಿಸಿದ್ದ ಪ್ರಬಂಧದ ಸಾರಾಂಶವನ್ನು ನಿಮ್ಮ ಸಮಿತಿ ತಿರಸ್ಕರಿಸಿದೆ. ತಿರಸ್ಕಾರ ನನಗೆ ಹೊಸತಲ್ಲ. ಜಿಲ್ಲೆಯ ಸಣ್ಣ ಕ್ಲಿನಿಕ್ಕುಗಳಿಂದ ಬರುವ ಬರಹಗಳನ್ನು ನಿಮ್ಮಂಥವರು ಎಷ್ಟು ಪ್ರೀತಿಯಿಂದ ಓದುತ್ತೀರಿ ಎಂಬುದನ್ನು ಬಲ್ಲೆ. ಅದಕ್ಕೆಲ್ಲ ಮುನಿಸಿಕೊಂಡು ಪತ್ರ ಬರೆಯುವ ವಯಸ್ಸು ನನ್ನದಲ್ಲ. ಆದರೆ ಈ ಸಲ ನೀವು ಕೊಟ್ಟಿರುವ ಕಾರಣವನ್ನು ಓದಿ ಮಡಚಿಡಲು ನನ್ನಿಂದ ಆಗುತ್ತಿಲ್ಲ. ‘ಈ ರೋಗಿಯ ಕೈ ಈಗಾಗಲೇ ವರದಿಯಾಗಿದೆ. ಒಂದೇ ಕೈಯನ್ನು ಎರಡನೆಯ ಸಲ ಮಂಡಿಸುವುದನ್ನು ನಕಲು ಎಂದು ಪರಿಗಣಿಸಲಾಗುವುದು’ ಎಂದು ಬರೆದಿದ್ದೀರಿ. ನಿಜ, ವರದಿಯಾಗಿದೆ. ಹೋದ ವರ್ಷ ನಿಮ್ಮದೇ ವೇದಿಕೆಯ ಮೇಲೆ ವರದಿಯಾಗಿ, ಅತ್ಯುತ್ತಮ ಪ್ರಬಂಧವೆಂಬ ಬಹುಮಾನವನ್ನೂ ಪಡೆದಿದೆ. ಆ ಚಿತ್ರದಲ್ಲಿ ಆ ಕೈಗೆ ಐದು ಬೆರಳುಗಳಿದ್ದವು. ನಾನು ಕಳುಹಿಸಿದ ಚಿತ್ರದಲ್ಲಿ ಎರಡಿವೆ. ಉಳಿದ ಮೂರು ಎಲ್ಲಿ ಹೋದವು ಎಂದು ಕೇಳಿದ್ದೇ ನಕಲಾಯಿತೆ?

ಈ ಪತ್ರವನ್ನು ನಿಮ್ಮ ಕಚೇರಿಗೆ ಕಳುಹಿಸದೆ ಪತ್ರಿಕೆಗೆ ಯಾಕೆ ಕೊಟ್ಟಳು ಎಂದು ನೀವು ಹುಬ್ಬೇರಿಸಬಹುದು. ನಿಮ್ಮ ಕಚೇರಿಗೆ ಬರೆದರೆ ಕಂಪ್ಯೂಟರ್ ಉತ್ತರಿಸುತ್ತದೆ, ಧನ್ಯವಾದ ಹೇಳುತ್ತದೆ, ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ ಎಂದು ಹಾರೈಸುತ್ತದೆ. ನನಗೆ ಮುಂದಿನ ವರ್ಷದವರೆಗೆ ಸಮಯವಿಲ್ಲ. ಬರುವ ಗುರುವಾರ ಬೆಳಿಗ್ಗೆ ನಿಮ್ಮ ಸಮ್ಮೇಳನದ ಉದ್ಘಾಟನೆ. ಅದೇ ಗುರುವಾರ ಬೆಳಿಗ್ಗೆ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಬಳಿ, ತೆಂಗಿನ ನಾರು ತೆಗೆಯುವ ಘಟಕವೊಂದರಲ್ಲಿ, ಮಾನಸಾ ಎಂಬ ಹೆಣ್ಣುಮಗಳು ಗಾಯಗೊಂಡ ಮೇಲೆ ಮೊದಲ ಬಾರಿಗೆ ಯಂತ್ರದ ಮುಂದೆ ನಿಲ್ಲುತ್ತಾಳೆ. ನೀವು ಬಹುಮಾನ ಕೊಟ್ಟ ಪದ್ಧತಿಯ ಪ್ರಕಾರ ಅವಳ ಕೈ ವಾಸಿಯಾಗಿದೆ. ನನ್ನ ಪ್ರಕಾರ ಆಗಿಲ್ಲ. ನಮ್ಮಿಬ್ಬರಲ್ಲಿ ಯಾರು ಸರಿ ಎಂಬುದನ್ನು ಆ ಯಂತ್ರ ತೀರ್ಮಾನಿಸಬಾರದು ಎಂಬುದೇ ನನ್ನ ಆತುರಕ್ಕೆ ಕಾರಣ.

ಪತ್ರಿಕೆಯಲ್ಲಿ ಇದನ್ನು ಓದುವವರಿಗಾಗಿ ನನ್ನ ಕೆಲಸವೇನು ಎಂದು ಹೇಳಿಬಿಡುತ್ತೇನೆ. ತುಮಕೂರಿನ ಬಟವಾಡಿಯಲ್ಲಿ, ಕೆಳಗೆ ಟೈರ್ ಅಂಗಡಿಯಿರುವ ಕಟ್ಟಡದ ಮಹಡಿಯ ಮೇಲೆ ನನ್ನದೊಂದು ಕ್ಲಿನಿಕ್ ಇದೆ. ತುಂಡಾದ ನರ, ಹರಿದ ಸ್ನಾಯುಗಳನ್ನು ಸರ್ಜನ್ನರು ಹೊಲಿದು ಕಳುಹಿಸುತ್ತಾರೆ. ಹೊಲಿಗೆ ಒಣಗಿದ ಮೇಲೆ ಆ ಕೈಗೆ ಮಡಚುವುದು, ಹಿಡಿಯುವುದು, ಬಿಡುವುದು ಎಲ್ಲವನ್ನೂ ಹೊಸದಾಗಿ ಕಲಿಸುವುದು ನನ್ನ ಕಸುಬು. ಮಗುವಿಗೆ ಅನ್ನ ತಿನ್ನಲು ಕಲಿಸುವಷ್ಟೇ ತಾಳ್ಮೆ ಬೇಕು. ಗುಬ್ಬಿ, ಕುಣಿಗಲ್ ಕಡೆಯಿಂದ ಬರುವ ಕೈಗಳೇ ಹೆಚ್ಚು. ಅಡಿಕೆ ಸುಲಿಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ನಾರು ತೆಗೆಯುವ ಯಂತ್ರ, ಯಾವ ಗಾಯ ಯಾವುದರದ್ದು ಎಂದು ಬ್ಯಾಂಡೇಜ್ ಬಿಚ್ಚುವಷ್ಟರಲ್ಲಿ ತಿಳಿದುಹೋಗುತ್ತದೆ.

ನಿಮ್ಮ ಹೋದ ವರ್ಷದ ಸಮ್ಮೇಳನಕ್ಕೆ ನಾನೂ ಬಂದಿದ್ದೆ. ಮಧ್ಯಾಹ್ನದ ಊಟ ಭರ್ಜರಿಯಾಗಿತ್ತು, ಆಮೇಲಿನ ಗೋಷ್ಠಿಯಲ್ಲಿ ಅರ್ಧ ಸಭೆ ತೂಕಡಿಸುತ್ತಿತ್ತು. ದೊಡ್ಡ ಆಸ್ಪತ್ರೆಯೊಂದರ ತಂಡ ತನ್ನ ‘ಶೀಘ್ರ ಮರಳುವಿಕೆ’ ಪದ್ಧತಿಯನ್ನು ಮಂಡಿಸುತ್ತಿತ್ತು. ನರ ತುಂಡಾಗಿದ್ದ ಕಾರ್ಮಿಕರನ್ನು ಹಿಂದೆಂದೂ ಆಗದಷ್ಟು ಬೇಗ ಕೆಲಸಕ್ಕೆ ಮರಳಿಸಿದ ಹೆಮ್ಮೆ ಅವರದು. ಕೊನೆಯಲ್ಲಿ ತೆರೆಯ ಮೇಲೆ ಒಂದು ಕೈ ಬಂತು. ಸ್ಟೀಲ್ ಲೋಟವೊಂದನ್ನು ಬಿಗಿಯಾಗಿ ಹಿಡಿದಿದ್ದ ಬಲಗೈ. ಮಣಿಕಟ್ಟಿನ ಒಳಬದಿಯಲ್ಲಿ ಹಸಿರು ಹಚ್ಚೆ, ಬಾಲವೆತ್ತಿದ ಚೇಳು. ಮುಖ ಕಾಣದಂತೆ ಫೋಟೊ ತೆಗೆದಿದ್ದರು. ರೋಗಿಯ ಗುರುತು ಬಿಟ್ಟುಕೊಡಬಾರದೆಂಬ ನಿಮ್ಮ ನಿಯಮ ಅಕ್ಷರಶಃ ಪಾಲನೆಯಾಗಿತ್ತು. ಸಭೆ ಎಚ್ಚೆತ್ತು ಚಪ್ಪಾಳೆ ತಟ್ಟಿತು.

ನಾನು ತಟ್ಟಲಿಲ್ಲ. ಆ ಚೇಳನ್ನು ಹಿಂದಿನ ದಿನವಷ್ಟೇ ಬಟವಾಡಿಯ ನನ್ನ ಮೇಜಿನ ಮೇಲೆ ನೋಡಿದ್ದೆ. ಅದರ ಕೆಳಗಿನ ಗಾಯವನ್ನು ಒರೆಸಿ, ಹತ್ತಿ ಇಟ್ಟು, ಪಟ್ಟಿ ಸುತ್ತಿದವಳು ನಾನು. ಆ ಕೈಗೆ ಆಗ ಹೆಬ್ಬೆರಳಿರಲಿಲ್ಲ, ತೋರುಬೆರಳಿರಲಿಲ್ಲ, ನಡುಬೆರಳಿರಲಿಲ್ಲ. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದ ಕೈ ಜಗತ್ತಿನಲ್ಲೇ ಇರಲಿಲ್ಲ, ಮಾನ್ಯರೇ.

ಪ್ರಶ್ನೆ ಕೇಳಲು ಎದ್ದೆ. ಸಮಯ ಮುಗಿಯಿತು, ಟೀ ಹೊತ್ತಿನಲ್ಲಿ ಚರ್ಚಿಸಿ ಎಂದರು. ಟೀ ಹೊತ್ತಿನಲ್ಲಿ ಪ್ರಬಂಧ ಮಂಡಿಸಿದ ತರುಣನನ್ನು ಹಿಡಿದು ವಿಷಯ ಹೇಳಿದೆ. ಒರಟನಲ್ಲ, ಬಿಸ್ಕೆಟ್ ತಟ್ಟೆಯನ್ನು ನನ್ನತ್ತ ಸರಿಸಿದ. “ಪಾಪ ಅನ್ಸುತ್ತೆ ಮೇಡಂ. ಆದ್ರೆ ಫಾಲೋಅಪ್ ಮುಗಿದ ಮೇಲೆ ಆಗಿದ್ದು ನಮ್ಮ ಸ್ಟಡೀಲಿ ಬರಲ್ಲ” ಅಂದ. ಅಂದರೆ ಅವಳು ಕೆಲಸಕ್ಕೆ ಮರಳಿದ ದಿನ ಇವರ ಅಧ್ಯಯನ ಮುಗಿಯಿತು. ಯಂತ್ರದ ಲೆಕ್ಕ ಶುರುವಾಗುವುದು ಮಾತ್ರ ಆ ದಿನವೇ.

ಆ ಕೈಯ ಒಡತಿಯ ಹೆಸರು ಪುಟ್ಟಗಂಗಮ್ಮ. ಗುಬ್ಬಿಯ ಆಚೆ ಒಂದು ಹಳ್ಳಿಯವಳು, ಐವತ್ತರ ಆಸುಪಾಸು. ಹೆಸರು ಬರೆಯಲು ಅಡ್ಡಿಯಿಲ್ಲವೆಂದು ಅವಳೇ ಹೇಳಿದ್ದಾಳೆ. ನಾರಿನ ಘಟಕದಲ್ಲಿ ಅವಳ ಕೆಲಸ, ಕಾಯಿ ಸಿಪ್ಪೆಯನ್ನು ರಾಶಿಯಿಂದ ಎತ್ತಿ ಯಂತ್ರದ ಬಾಯಿಗೆ ಕೊಡುವುದು. ಒಳಗೆ ಹಲ್ಲಿನ ಉರುಳೆಗಳು ತಿರುಗುತ್ತಿರುತ್ತವೆ. ಸಿಪ್ಪೆಯನ್ನು ಕಚ್ಚಿ ಎಳೆದುಕೊಂಡು ನಾರು ಬೇರೆ, ಪುಡಿ ಬೇರೆ ಮಾಡಿ ಉಗುಳುತ್ತವೆ. ಮೊದಲ ಸಲ ಅಂಗೈ ಸೀಳಿ ನರ ತುಂಡಾಯಿತು. ಆ ಆಸ್ಪತ್ರೆಯ ಸರ್ಜನ್ ಚೆನ್ನಾಗಿಯೇ ಹೊಲಿದಿದ್ದರು, ಆ ಹೊಲಿಗೆಯ ಮೇಲೆ ನನ್ನದು ಒಂದು ಆಕ್ಷೇಪವೂ ಇಲ್ಲ. ಆಮೇಲಿನ ಪರೀಕ್ಷೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಹಿಡಿತದ ಬಲ ಅಳೆಯುವ ಮೀಟರನ್ನು ಹಿಂಡಿಸಿದರು, ಮೇಜಿನ ಮೇಲಿದ್ದ ಗುಂಡಿ, ಮೊಳೆ, ಬೀಗದ ಕೈಗಳನ್ನು ಒಂದೊಂದಾಗಿ ಎತ್ತಿಸಿ ಡಬ್ಬಿಗೆ ಹಾಕಿಸಿದರು. ಎಲ್ಲವನ್ನೂ ಚಕಚಕ ಮಾಡಿದಳು. ಪಾಸ್ ಎಂದು ಕಳುಹಿಸಿದರು.

ಅವಳ ಕಣ್ಣು ಮುಚ್ಚಿಸಿ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಲಿದ ನರದಲ್ಲಿ ಬಲ ಬರುವ ವೇಗವೇ ಬೇರೆ, ಸ್ಪರ್ಶ ಬರುವ ವೇಗವೇ ಬೇರೆ ಎಂಬುದು ನಿಮಗೆ ನಾನು ಹೇಳಬೇಕಾದ ಪಾಠವಲ್ಲ. ಬಲ ಮುಂದೆ ಬಂದು ಸ್ಪರ್ಶ ಹಿಂದುಳಿದ ಕೈ ನೋಡಿಕೊಂಡಿರುವಷ್ಟು ಹೊತ್ತು ಏನು ಬೇಕಾದರೂ ಮಾಡುತ್ತದೆ. ಕಣ್ಣು ಬೇರೆಡೆ ಹೋದರೆ ತಾನು ಏನನ್ನು ಹಿಡಿದಿದ್ದೇನೆ, ತನ್ನನ್ನು ಏನು ಹಿಡಿದಿದೆ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಪುಟ್ಟಗಂಗಮ್ಮನಿಗೆ ಸ್ಪರ್ಶ ಬಾರದೇ ಇದ್ದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗಳಿಗೆ. ಕೆಲಸಕ್ಕೆ ಮರಳಿದ ಮೇಲೆ, ಎರಡನೆಯ ಸಲ, ಯಂತ್ರ ತೆಗೆದುಕೊಂಡದ್ದೂ ಸರಿಯಾಗಿ ಅವನ್ನೇ. ಇದನ್ನು ಕಾಕತಾಳೀಯ ಎನ್ನುವ ಧೈರ್ಯ ನಿಮ್ಮ ಸಮಿತಿಯಲ್ಲಿ ಯಾರಿಗಿದೆ?

ಕಣ್ಣು ಮುಚ್ಚಿಸುವ ಪರೀಕ್ಷೆ ನಾನು ಕಂಡುಹಿಡಿದದ್ದೇನಲ್ಲ, ನಿಮ್ಮ ಪಠ್ಯಪುಸ್ತಕಗಳಲ್ಲೇ ಇದೆ. ಆದರೆ ಅದು ಯಾಕೆ ಬೇಕೆಂದು ನನಗೆ ಪುಸ್ತಕ ಓದುವ ಮೊದಲೇ ಗೊತ್ತಿತ್ತು. ನನ್ನ ತಾಯಿ ರಹಿಮಾ ಬೀ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಮೊರ, ಕಣ್ಣು ಬೀದಿಯ ಮೇಲೆ. ಯಾರು ಹೋದರು, ಯಾರು ಬಂದರು, ನಾನು ಯಾವ ಹುಡುಗಿಯ ಜೊತೆ ಜಗಳವಾಡುತ್ತಿದ್ದೇನೆ ಎಲ್ಲವನ್ನೂ ನೋಡುತ್ತಿದ್ದರು, ತಮ್ಮ ಬೆರಳುಗಳನ್ನು ಬಿಟ್ಟು. ದುಡಿಯುವವರು ತಮ್ಮ ಕೈಯನ್ನು ನೋಡಿಕೊಂಡು ದುಡಿಯುವುದಿಲ್ಲ ಮಾನ್ಯರೇ. ಕೈಯನ್ನು ನೋಡುತ್ತಾ ಕೂರುವುದು ನಾವು ಮಾತ್ರ, ಥೆರಪಿಸ್ಟುಗಳು.

ಅನುಮಾನ ಪರಿಹಾರವಾಗಲೆಂದು ಪುಟ್ಟಗಂಗಮ್ಮನನ್ನೇ ಕರೆದುಕೊಂಡು ಅವಳ ಹಳೆಯ ಘಟಕಕ್ಕೆ ಹೋದೆ. ಒಳಗೆ ಕಂದು ದೂಳು, ಮಾತು ಕೇಳದಷ್ಟು ಸದ್ದು. ಸಾಲಾಗಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳೂ ಯಂತ್ರದ ಕಡೆ ನೋಡುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನು ಯಂತ್ರದ ಬಾಯಿಗೆ ಹೋಗಿ ಬರುತ್ತಿತ್ತು, ಕಣ್ಣೆಲ್ಲ ಪಕ್ಕದ ಸಿಪ್ಪೆ ರಾಶಿಯ ಮೇಲೆ. ಯಾಕೆ ಹೀಗೆ ಎಂದು ಪುಟ್ಟಗಂಗಮ್ಮನ ಕಿವಿಗೆ ಬಾಯಿಟ್ಟು ಕೇಳಿದೆ. ರಾಶಿಯೊಳಗೆ ಚೇಳಿರುತ್ತದೆ, ಒಮ್ಮೊಮ್ಮೆ ಹಾವೂ ಇರುತ್ತದೆ ಎಂದಳು. ಮುಂದಿನ ಸಿಪ್ಪೆ ಎತ್ತುವ ಮೊದಲು ನೋಡದಿದ್ದರೆ ಅಲ್ಲೇ ಕಡಿಸಿಕೊಳ್ಳಬೇಕು. ಚೇಳು ಹತ್ತಿರ ಸುಳಿಯದಿರಲೆಂದೇ ಅವಳ ಅಜ್ಜಿ ಚಿಕ್ಕಂದಿನಲ್ಲಿ ಆ ಹಚ್ಚೆ ಹಾಕಿಸಿದ್ದಂತೆ. ಹಾಗಾದರೆ ಯಂತ್ರಕ್ಕೆ ಕೊಡುವ ಕೈಯನ್ನು ನೋಡುವುದು ಯಾವಾಗ ಎಂದೆ. ಪುಟ್ಟಗಂಗಮ್ಮ ನನ್ನನ್ನು ವಿಚಿತ್ರವಾಗಿ ನೋಡಿದಳು.

“ಅದ್ಯಾಕ್ ನೋಡ್ಬೇಕು ಮೇಡಂ? ಕಾಲು ನೋಡ್ಕೊಂಡು ನಡೀತೀರಾ ನೀವು?”

ಅಲ್ಲಿಗೆ ನನಗೆ ಎಲ್ಲವೂ ಸ್ಪಷ್ಟವಾಯಿತು. ನೀವು ಬಹುಮಾನ ಕೊಟ್ಟ ಪರೀಕ್ಷೆ ಕಣ್ಣಿರುವ ಕೈಯನ್ನು ಪಾಸು ಮಾಡುತ್ತದೆ. ಈ ಕೆಲಸ ಕೇಳುವುದು ಕಣ್ಣಿಲ್ಲದ ಕೈಯನ್ನು. ನಮ್ಮ ಜಿಲ್ಲೆಯಲ್ಲಿ ಇಂಥ ಘಟಕಗಳು ಎಷ್ಟಿವೆ, ಆ ಆಸ್ಪತ್ರೆಯಿಂದ ಪಾಸಾಗಿ ಅವುಗಳ ಮುಂದೆ ಹೋಗಿ ನಿಂತವರು ಎಷ್ಟು ಮಂದಿ ಎಂದು ಯೋಚಿಸಿದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ಮಾನಸಾಳ ವಿಷಯಕ್ಕೆ ಬರುತ್ತೇನೆ. ಕೊತ್ತಗೆರೆಯ ಕಡೆ ರಾಗಿ ಹೊಲ, ನಾಲ್ಕಾರು ತೆಂಗಿನ ಮರವಿರುವ ಮನೆಯ ಸೊಸೆ. ಎರಡು ವರ್ಷದ ಹೆಣ್ಣುಮಗುವಿನ ತಾಯಿ. ಅಂಥದ್ದೇ ಯಂತ್ರ, ಅಂಥದ್ದೇ ಗಾಯ, ಅದೇ ಆಸ್ಪತ್ರೆ. ವಾರವಾರ ಬೆಂಗಳೂರಿಗೆ ಓಡಾಡಲಾರದೆ ವ್ಯಾಯಾಮಕ್ಕೆಂದು ನನ್ನಲ್ಲಿಗೆ ಬರತೊಡಗಿದಳು. ಚುರುಕಿನ ಹೆಣ್ಣು, ಹೇಳಿದ್ದನ್ನೆಲ್ಲ ಮಾಡಿ ಹೇಳದೇ ಇದ್ದದ್ದನ್ನೂ ಮಾಡುವವಳು. ಆಸ್ಪತ್ರೆಯವರ ಕೊನೆಯ ಪರೀಕ್ಷೆಯಲ್ಲಿ ಪಾಸಾದ ಮಾರನೆಯ ದಿನ ಸಂಭ್ರಮದಿಂದ ಬಂದಳು. ಲೋಟ ಹಿಡಿಸಿ ಫೋಟೊ ತೆಗೆದುಕೊಂಡರೆಂದೂ, ಆ ಕೈಯಿಂದಲೇ ಸಹಿ ಹಾಕಿಸಿಕೊಂಡರೆಂದೂ ಹೇಳಿದಳು. ಸಂತೋಷ, ಈಗ ಸ್ವಲ್ಪ ಕಣ್ಣು ಮುಚ್ಚಿಕೋ ಎಂದೆ.

ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳ ಬೆರಳ ತುದಿಗಿಟ್ಟು ಏನೆಂದು ಕೇಳಲು ನಾನು ಹುಣಿಸೆ ಬೀಜವೊಂದಕ್ಕಾಗಿ ಡಬ್ಬಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಮಗು ಅಮ್ಮನ ಎರಡು ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿತು, ಸುಮ್ಮನೆ, ಮಕ್ಕಳು ಹಿಡಿಯುವ ಹಾಗೆ. ತೋರುಬೆರಳು ಮತ್ತು ನಡುಬೆರಳು. ನಾನು ನೋಡುತ್ತಾ ನಿಂತೆ. ಮಾನಸಾಳ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಇಡಿ ಮೇಡಂ, ಕಾಯ್ತಾ ಇದೀನಿ” ಅಂದಳು.

ಕಣ್ಣು ಬಿಡು ಎಂದೆ. ಬಿಟ್ಟಳು. ಮಗುವಿನ ಮುಷ್ಟಿ ನೋಡಿದಳು. ನನ್ನ ವೃತ್ತಿಯಲ್ಲಿ ಎಷ್ಟೋ ಕೆಟ್ಟ ಗಾಯಗಳನ್ನು ಕಂಡಿದ್ದೇನೆ; ರಕ್ತವಿಲ್ಲದ ಆ ಗಳಿಗೆಯಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಕೊನೆಗೆ ಅವಳೇ ಸೆರಗು ಸರಿಮಾಡಿಕೊಂಡು, “ನೋಡಿದ್ರೆ ಗೊತ್ತಾಗುತ್ತಲ್ಲ ಮೇಡಂ. ನೋಡ್ಕೊಂಡೇ ಮಾಡ್ತೀನಿ ಬಿಡಿ” ಅಂದಳು. ಇನ್ನಷ್ಟು ತಿಂಗಳು ಮನೆಯಲ್ಲಿರು ಎಂದು ಬೇಡಿಕೊಂಡೆ. ಆಸ್ಪತ್ರೆಯವರೇ ಫಿಟ್ ಎಂದು ಬರೆದುಕೊಟ್ಟ ಮೇಲೆ ಮನೆಯಲ್ಲಿ ಕೂತರೆ ಕಳ್ಳಾಟ ಅಂತಾರೆ ಎಂದಳು. ಅತ್ತೆ ಆಗಲೇ ಅಂದಿದ್ದರಂತೆ. ಅವಳನ್ನು ನಾನು ದೂರುವುದಿಲ್ಲ, ಅತ್ತೆಯನ್ನೂ ದೂರುವುದಿಲ್ಲ. ಬಹುಮಾನ ಪಡೆದ ವಿಜ್ಞಾನದ ಎದುರು ಹಳ್ಳಿಯ ಅತ್ತೆ ವಾದ ಹೂಡಬೇಕೆಂದು ನಾನು ಹೇಗೆ ನಿರೀಕ್ಷಿಸಲಿ?

ಆಮೇಲೆ ಘಟಕದ ಮ್ಯಾನೇಜರ್ ಕೃಷ್ಣಕುಮಾರ್ ಅವರನ್ನಾದರೂ ಒಪ್ಪಿಸೋಣವೆಂದು ಕೊತ್ತಗೆರೆಗೆ ಹೋದೆ. ಸಾಕ್ಷಿಗಿರಲೆಂದು ಪುಟ್ಟಗಂಗಮ್ಮನೂ ಬಂದಳು. ಕೃಷ್ಣಕುಮಾರ್ ಎಳನೀರು ಕೊಡಿಸಿ, ಕೂರಿಸಿ, ಎಲ್ಲವನ್ನೂ ಕೇಳಿದರು. ಕೇಳಿ, ಎದ್ದು, ನಮ್ಮನ್ನು ಯಂತ್ರದ ಪಕ್ಕದ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಂದು ಬಣ್ಣದ ಪಟ ತೂಗುಹಾಕಿತ್ತು, ದೂಳು ಹಿಡಿಯದಂತೆ ಪ್ಲಾಸ್ಟಿಕ್ ಹೊದಿಸಿದ್ದು. ಆಸ್ಪತ್ರೆಯವರು ಘಟಕಗಳ ಮ್ಯಾನೇಜರುಗಳನ್ನೆಲ್ಲ ಕರೆದು ಶಿಬಿರ ಮಾಡಿ ಹಂಚಿದ್ದಂತೆ. ಮೇಲೆ ‘ಶೀಘ್ರ ಮರಳುವಿಕೆ’, ಕೆಳಗೆ ಪರೀಕ್ಷೆಯ ಹಂತಗಳು, ಮೂಲೆಯಲ್ಲಿ ನಿಮ್ಮ ಸಮ್ಮೇಳನದ ಬಹುಮಾನದ ಮುದ್ರೆ. ನಟ್ಟನಡುವೆ ಒಂದು ದೊಡ್ಡ ಫೋಟೊ. ಸ್ಟೀಲ್ ಲೋಟ ಹಿಡಿದ ಕೈ, ಮಣಿಕಟ್ಟಿನಲ್ಲಿ ಚೇಳು.

ಪುಟ್ಟಗಂಗಮ್ಮ ಅದನ್ನು ಮೊದಲ ಸಲ ನೋಡುತ್ತಿದ್ದಳು. ಪಟದಲ್ಲಿದ್ದ ತನ್ನ ಐದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಸೆರಗಿನೊಳಗೆ ಯಾವಾಗಲೂ ಬಚ್ಚಿಟ್ಟುಕೊಳ್ಳುವ ಕೈಯನ್ನು ಹೊರಗೆ ತೆಗೆದು ಪಟದ ಪಕ್ಕ ಗೋಡೆಗೆ ಒತ್ತಿ ಹಿಡಿದಳು. ಯಂತ್ರದ ಮುಂದಿದ್ದ ಹೆಂಗಸರ ಕಣ್ಣು ರಾಶಿಯಿಂದ ಇತ್ತ ತಿರುಗಿತು. ಯಾರೋ ಸ್ವಿಚ್ ಆರಿಸಿದರು. ಕೃಷ್ಣಕುಮಾರ್ ತಡವರಿಸುತ್ತಾ, ಅದು ಬೇರೆ ಯಾರದೋ ಕೈ ಇರಬೇಕು ಎಂದರು.

“ಚೇಳು ನೋಡಪ್ಪ” ಅಂದಳು ಪುಟ್ಟಗಂಗಮ್ಮ. “ನಂದೇ ಕಣಪ್ಪ ಅದು. ಎರಡೂ ನಂದೇಯ.”

ಇಲ್ಲಿಗೆ ಗೆದ್ದೆ ಎಂದುಕೊಂಡೆ. ನಿಮ್ಮ ಬಹುಮಾನದ ಮುದ್ರೆಯ ತೂಕವನ್ನು ನಾನು ಮರೆತಿದ್ದೆ. ಕೃಷ್ಣಕುಮಾರ್ ಕೆಟ್ಟ ಮನುಷ್ಯನಲ್ಲ, ಅವರ ಮುಖ ಬೆಳ್ಳಗಾಗಿದ್ದನ್ನು ಕಣ್ಣಾರೆ ಕಂಡೆ. ಆದರೆ ಮಾಲೀಕರಿಗೆ ಉತ್ತರ ಕೊಡಬೇಕಾದವರು ಅವರು. ಯಾವುದೋ ಒಂದು ಕಡೆ ಹೀಗಾಯಿತೆಂದು ಆಸ್ಪತ್ರೆಯ ಚೀಟಿಯನ್ನು ತಳ್ಳಿಹಾಕಲು ತಮ್ಮಿಂದಾಗದು ಎಂದರು. ಕೊನೆಗೆ ಒಂದು ದಾರಿ ಹೇಳಿದರು. “ನೀವು ಹೇಳೋದು ಸರಿ ಇರ್ಬೋದು ಮೇಡಂ. ಅವ್ರುದು ದೊಡ್ಡ ಕಡೆ ಒಪ್ಕೊಂಡವ್ರೆ. ನಿಮ್ದೂ ಅಲ್ಲೇ ಒಪ್ಕೊಳ್ಲಿ, ಇದನ್ನ ಕಿತ್ತು ಅದನ್ನ ಹಾಕ್ತೀನಿ. ಅಲ್ಲೀವರ್ಗೂ ಆ ಹುಡುಗೀನ ಕರೆಯಲ್ಲ.” ನ್ಯಾಯವಾದ ಮಾತೇ. ಅವರು ಕೊಟ್ಟ ಮಾತನ್ನು ಉಳಿಸಿಕೊಂಡರು ಕೂಡ.

ಹೀಗಾಗಿ, ಮಾನ್ಯರೇ, ನಿಮಗೆ ಸಾರಾಂಶ ಕಳುಹಿಸಿದ್ದು ನನ್ನ ಹೆಸರಿನ ಮುಂದೆ ಇನ್ನೊಂದು ಗರಿ ಸಿಕ್ಕಿಸಿಕೊಳ್ಳಲು ಅಲ್ಲ. ಒಬ್ಬಳ ಕೈ ಅದರ ಮೇಲೆ ನಿಂತಿತ್ತು. ನಿಮ್ಮ ವೆಬ್‌ಸೈಟ್ ಎದುರು ಎಷ್ಟು ಸಲ ಕುಳಿತೆನೋ! ಮುನ್ನೂರು ಪದ ದಾಟುವಂತಿಲ್ಲ. ಚೇಳು ಬಿಟ್ಟೆ, ರಾಶಿ ಬಿಟ್ಟೆ, ಹುಣಿಸೆ ಬೀಜ ಬಿಟ್ಟೆ, ಪದಗಳು ಹಿಡಿದವು. ಫಲಿತಾಂಶ ಎಂಬ ಜಾಗದಲ್ಲಿ ಎರಡೇ ಆಯ್ಕೆ, ‘ಕೆಲಸಕ್ಕೆ ಮರಳಿದರು’, ‘ಕೆಲಸಕ್ಕೆ ಮರಳಲಿಲ್ಲ’. ಮರಳಿ ಹೋಗಿ ಕೈ ಕಳೆದುಕೊಂಡವರು ಎಲ್ಲಿ ನಿಲ್ಲಬೇಕು? ಮರಳಿದರು ಎಂದೇ ಒತ್ತಿದೆ. ಪರದೆಯ ಮೇಲೆ ಹಸಿರು ಗುರುತು ಮೂಡಿ ಅಭಿನಂದಿಸಿತು.

ರೋಗಿಯ ಒಪ್ಪಿಗೆಯ ವಿಷಯದಲ್ಲಿ ನಿಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಫೋನು ಮಾಡಿದಳು. ಬಲು ಸೌಜನ್ಯದ ದನಿ. ಇದೇ ರೋಗಿಯ ಹಳೆಯ ಒಪ್ಪಿಗೆ ನಿಮ್ಮಲ್ಲಿದೆಯೆಂದೂ, ಹೊಸದರ ಮೇಲಿನ ಹೆಬ್ಬೆಟ್ಟಿನ ಗುರುತು ಅದಕ್ಕೆ ತಾಳೆಯಾಗಬೇಕೆಂದೂ ಹೇಳಿದಳು. ಮೊದಲ ಸಲ ಆಸ್ಪತ್ರೆಯವರು ‘ವಾಸಿಯಾದ ಕೈಯಿಂದಲೇ ಒತ್ತಮ್ಮ’ ಎಂದು ನಗುತ್ತಾ ಬಲಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಆ ಹೆಬ್ಬೆಟ್ಟು ಈಗ ಇಲ್ಲ, ಅದು ಇಲ್ಲದ್ದೇ ನನ್ನ ಸಂಶೋಧನೆ ಎಂದೆ. ಆಮೇಲೆ ಅದೇ ಸೌಜನ್ಯದಲ್ಲಿ, “ಹಾಗಾದ್ರೆ ನಾಟ್ ಅಪ್ಲಿಕಬಲ್ ಅಂತ ಹಾಕಿ ಮೇಡಂ” ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇಂಥ ಪ್ರಶ್ನೆಗೆ ಇಂಥದೊಂದು ಉತ್ತರವನ್ನು ಮೊದಲೇ ತಯಾರಾಗಿಟ್ಟಿರುವ ನಿಮ್ಮ ವ್ಯವಸ್ಥೆಯನ್ನು ಕಂಡರೆ ಮಾತ್ರ ಹೆದರಿಕೆಯಾಗುತ್ತದೆ.

ಆಮೇಲೆ ನಿಮ್ಮ ತೀರ್ಪು ಬಂತು. ಕೃಷ್ಣಕುಮಾರ್ ಫೋನು ಮಾಡಿ ಏನಾಯಿತೆಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ತಿರಸ್ಕರಿಸಿದ್ದಾರೆ ಎಂದೆ. ಅವರು ನಿಟ್ಟುಸಿರು ಬಿಟ್ಟು, ತಾವು ಇನ್ನು ತಡೆಯುವಂತಿಲ್ಲ ಎಂದರು. ಮಾನಸಾಳ ಅತ್ತೆ ಗುರುವಾರ ಒಳ್ಳೆಯ ದಿನವೆಂದು ಗೊತ್ತುಮಾಡಿದರು. ನಿಮ್ಮ ಸಮಿತಿಗೂ ಅದೇ ಗುರುವಾರ ಒಳ್ಳೆಯ ದಿನವಾಗಿ ಕಂಡಿದೆ. ಈ ವರ್ಷದ ಘೋಷವಾಕ್ಯ ‘ಭರವಸೆಯ ಕೈಗಳು’ ಎಂದು ಆಮಂತ್ರಣದಲ್ಲಿ ನೋಡಿದೆ.

ಈಗ ನನ್ನ ಬೇಡಿಕೆ. ನನ್ನ ಸಾರಾಂಶವನ್ನು ಒಪ್ಪಿಕೊಳ್ಳಿ ಎಂದು ಇನ್ನು ಕೇಳುವುದಿಲ್ಲ, ಅದು ನಿಮ್ಮ ಕಸದ ಬುಟ್ಟಿಯಲ್ಲೇ ಇರಲಿ. ಬುಧವಾರ ಸಂಜೆಯೊಳಗೆ ನಿಮ್ಮ ಸಮಿತಿಯ ಹೆಸರಿನಲ್ಲಿ ಒಂದೇ ಒಂದು ಸಾಲು ಹೊರಬರಲಿ: ಕಣ್ಣು ಮುಚ್ಚಿಸಿ ಪರೀಕ್ಷಿಸದ ಯಾವ ಕೈಯನ್ನೂ ಯಂತ್ರದ ಮುಂದೆ ನಿಲ್ಲಿಸಬೇಡಿ. ಅಷ್ಟು ಸಾಕು. ಅದನ್ನು ಕೃಷ್ಣಕುಮಾರ್ ಗೋಡೆಗೆ ಹಾಕುತ್ತಾರೆ, ಮಾನಸಾಳ ಅತ್ತೆಗೂ ಓದಿ ಹೇಳುತ್ತಾರೆ. ಘಟಕಗಳ ಗೋಡೆಗಳಿಂದ ನಿಮ್ಮ ಮುದ್ರೆಯಿರುವ ಆ ಪಟವನ್ನು ತೆಗೆಸಿ. ತೆಗೆಸುವುದಿಲ್ಲವೆಂದಾದರೆ ಪುಟ್ಟಗಂಗಮ್ಮನ ಇನ್ನೊಂದು ಫೋಟೊವನ್ನೂ ಅದರ ಪಕ್ಕ ಅಷ್ಟೇ ದೊಡ್ಡದಾಗಿ ಹಾಕಿಸಿ. ಒಂದೇ ಕೈ ಎರಡು ಸಲ ಬರಬಾರದೆಂಬುದು ನಿಮ್ಮ ನಿಯಮವಾದರೆ, ಇಲ್ಲದ ಕೈಯನ್ನು ಇಳಿಸಿ ಇರುವ ಕೈಯನ್ನು ಉಳಿಸಿಕೊಳ್ಳಿ.

ಇದಾವುದೂ ಆಗದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಸುಮ್ಮನಿರಲಾರದೆ ಇಷ್ಟು ಬರೆದೆ. ಗುರುವಾರ ಮಾನಸಾ ತನ್ನ ಕೈಯನ್ನು ನೋಡಿಕೊಂಡೇ ಕೆಲಸ ಮಾಡುತ್ತಾಳೆ, ಕೊಟ್ಟ ಮಾತಿಗೆ ತಪ್ಪುವವಳಲ್ಲ. ಶುಕ್ರವಾರವೂ ನೋಡಿಕೊಳ್ಳಬಹುದು. ಆದರೆ ಒಂದು ದಿನ ರಾಶಿಯೊಳಗೆ ಏನೋ ಸರಿದಾಡಿದಂತಾಗುತ್ತದೆ. ಅವಳ ಕಣ್ಣು ಅತ್ತ ಹೋಗುತ್ತದೆ, ಯಾರದ್ದಾದರೂ ಹೋಗುತ್ತದೆ. ಅವಳ ಎರಡು ಬೆರಳುಗಳನ್ನು ಏನೋ ಹಿಡಿದುಕೊಂಡಿರುತ್ತದೆ, ಅದು ಅವಳಿಗೆ ಗೊತ್ತಿರುವುದಿಲ್ಲ.

ಪತ್ರ ಮುಗಿಸುವ ಮೊದಲು ನಿಮ್ಮ ಕಾರ್ಯಕ್ರಮದ ವಿವರವನ್ನು ಇನ್ನೊಮ್ಮೆ ನೋಡಿದೆ. ಗುರುವಾರ, ಉದ್ಘಾಟನೆಯಾದ ಕೂಡಲೇ, ಅದೇ ಆಸ್ಪತ್ರೆಯ ಹೊಸ ಪ್ರಬಂಧವಿದೆ: ‘ಶೀಘ್ರ ಮರಳುವಿಕೆ, ಎರಡನೆಯ ವರ್ಷ’. ಜೊತೆಗೆ ಮಾದರಿಯಾಗಿ ಒಂದು ಪುಟ್ಟ ಚಿತ್ರ, ಲೋಟ ಹಿಡಿದಿರುವ ಎಳೆಯ ಕೈ. ಬೆರಳಿಗೆ ಕೆಂಪು ಕಲ್ಲಿನ ಉಂಗುರ. ಆ ಉಂಗುರವನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ವ್ಯಾಯಾಮ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದವಳು ಮಾನಸಾ. ಆದ್ದರಿಂದ, ಮುಂದೆ ಏನೇ ಆದರೂ, ಮಾನ್ಯರೇ, ಅವಳ ಬಗ್ಗೆ ನಾನು ನಿಮಗೆ ಬರೆಯುವಂತಿಲ್ಲ. ಆ ಕೈ ಈಗಾಗಲೇ ವರದಿಯಾಗಿದೆ.

ಇಂತಿ,
ನಿಮ್ಮಿಂದ ನಕಲಿ ಎನಿಸಿಕೊಂಡ, ಗುರುವಾರದಿಂದ ಪ್ರತಿ ಫೋನ್ ಕರೆಗೂ ಬೆಚ್ಚಿಬೀಳಲಿರುವ
ಅರ್ಶಿಯಾ
ಬಟವಾಡಿ, ತುಮಕೂರು